ಮ್ಯಾನ್ಮಾರ್: ಸೇನೆ ಎಲ್ಲರನ್ನೂ ತುಳಿಯುವಾಗ ಅಲ್ಪಸಂಖ್ಯಾತ ಹೆಣ್ಣುಮಕ್ಕಳ ಕಷ್ಟ ಹೇಗೆ ಬೇರೆ?

ಪ್ರಶ್ನೆ: ನಾನು ರಾಜ್ಯಶಾಸ್ತ್ರ ಎಂ.ಎ. ವಿದ್ಯಾರ್ಥಿನಿ. ಮ್ಯಾನ್ಮಾರ್ ಕುರಿತ ಸೆಮಿನಾರ್‌ನಲ್ಲಿ ನಮ್ಮ ತರಗತಿಯಲ್ಲಿ ಒಂದು ವಾದ ಎದ್ದಿತು. ಅಲ್ಲಿನ ಸೇನೆ ಬಹುಸಂಖ್ಯಾತ ಬಮಾರ್ ಜನರನ್ನೂ ಬಿಟ್ಟಿಲ್ಲ, ಗಂಡಸರನ್ನೂ ಬಿಟ್ಟಿಲ್ಲ. ಹಾಗಿರುವಾಗ ಅಲ್ಪಸಂಖ್ಯಾತ ಜನಾಂಗಗಳ ಹೆಂಗಸರ ಕಷ್ಟವನ್ನೇ ಬೇರೆಯಾಗಿ ಯಾಕೆ ಎತ್ತಿ ಹೇಳಬೇಕು? ಯುದ್ಧ ನಡೆಯುವ ಕಡೆ ಅತ್ಯಾಚಾರ ಎಲ್ಲಾ ದೇಶದಲ್ಲೂ ಆಗುತ್ತದೆ ಅಲ್ವಾ? ಇದಕ್ಕೆಲ್ಲ ನ್ಯಾಯ ಸಿಗುವ ದಾರಿ ಏನಾದರೂ ಇದೆಯೇ?

ಉತ್ತರ: ನಿಮ್ಮ ಸಹಪಾಠಿಗಳು ಹೇಳಿದ್ದರಲ್ಲಿ ಅರ್ಧ ಸರಿ. ಆ ಸೇನೆ ಯಾರನ್ನೂ ಬಿಟ್ಟಿಲ್ಲ. 1988ರಲ್ಲಿ ರಂಗೂನಿನ ಬೀದಿಗಳಲ್ಲಿ ಸತ್ತವರಲ್ಲಿ, ಸೇನೆ ಅಧಿಕಾರ ಕಿತ್ತುಕೊಂಡ 2021ರ ಫೆಬ್ರವರಿಯ ಸೇನಾ ದಂಗೆಯ ನಂತರ ಗುಂಡಿಗೆ ಬಲಿಯಾದವರಲ್ಲಿ ಬಮಾರ್ ಯುವಕರು ಬಹಳ ಇದ್ದರು. ಆದರೆ 'ಎಲ್ಲರಿಗೂ ಕಷ್ಟ' ಎಂದುಬಿಟ್ಟರೆ ಒಂದು ವಿಷಯ ಮುಚ್ಚಿಹೋಗುತ್ತದೆ. ಬೀದಿಗಿಳಿದು ಪ್ರತಿಭಟಿಸಿದರೆ ಮಾತ್ರ ಸೇನೆಯ ಕೈಗೆ ಸಿಕ್ಕುವುದು ಒಂದು. ಮದುವೆಯಾಗಲು, ಮಗು ಹೆರಲು, ಗದ್ದೆಗೆ ಹೋಗಲು, ಪಕ್ಕದ ಊರಿನ ಆಸ್ಪತ್ರೆಗೆ ಕಾಲಿಡಲು ಕೂಡ ಸೇನೆಯ ಮುಂದೆ ನಿಲ್ಲಬೇಕಾಗಿ ಬರುವುದು ಇನ್ನೊಂದು. ಕರೆನ್, ಶಾನ್, ಕಚಿನ್, ಚಿನ್, ಕರೆನ್ನಿ, ರೋಹಿಂಗ್ಯಾ ಹೆಣ್ಣುಮಕ್ಕಳ ಪಾಡು ಈ ಎರಡನೆಯದು. ಯುದ್ಧದ ಗದ್ದಲದಲ್ಲಿ ಆಗಿಹೋದ ಅನಾಹುತ ಎಂದು ಇದನ್ನು ನಾನು ಒಪ್ಪುವುದಿಲ್ಲ. ಆ ಪ್ರದೇಶಗಳನ್ನು ಸೇನೆ ಆಳಿದ ರೀತಿಯೇ ಇದು.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ, ನಿಮಗೆ ಗೊತ್ತಿರುತ್ತದೆ. ಆಗ ಬರ್ಮಾ ಎನ್ನುತ್ತಿದ್ದ ಈ ದೇಶಕ್ಕೆ 1948ರ ಜನವರಿ 4ರಂದು ಸ್ವಾತಂತ್ರ್ಯ ಬಂತು. ಜನಸಂಖ್ಯೆಯ ಸುಮಾರು ಮೂರನೇ ಎರಡು ಭಾಗ ಬಮಾರ್ ಜನ, ಉಳಿದವರು ಹೆಚ್ಚಾಗಿ ಗಡಿಯಂಚಿನ ಬೆಟ್ಟಗುಡ್ಡಗಳ ಜನಾಂಗಗಳು. ಅವರಿಗೆ ಕೊಟ್ಟ ಸ್ವಾಯತ್ತತೆಯ ಮಾತು ಉಳಿಯಲಿಲ್ಲ, ಬಂಡಾಯ ಶುರುವಾಯಿತು. 1962ರ ಮಾರ್ಚ್ 2ರಂದು ಜನರಲ್ ನೇ ವಿನ್ ಅಧಿಕಾರ ಕಿತ್ತುಕೊಂಡ. ಅದೇ ದಶಕದಲ್ಲಿ ಸೇನೆ 'ನಾಲ್ಕು ಕಡಿತ' ಎಂಬ ನೀತಿ ತಂದಿತು. ಬಂಡುಕೋರರಿಗೆ ಹೋಗುವ ಅನ್ನ, ಹಣ, ಸುದ್ದಿ, ಹೊಸ ಆಳುಗಳು, ಈ ನಾಲ್ಕನ್ನೂ ಕತ್ತರಿಸುವುದು. ಕಾಗದದ ಮೇಲೆ ಇದು ಬರೀ ಯುದ್ಧತಂತ್ರ. ಆದರೆ ಬಂಡುಕೋರನಿಗೆ ಅನ್ನ ಬೇಯಿಸಿ ಹಾಕುವವರು ಯಾರು? ಅವನ ಅಮ್ಮ, ಹೆಂಡತಿ, ತಂಗಿ. ಹಾಗಾಗಿ ಅಡುಗೆ ಮನೆಯೇ ಶತ್ರುವಿನ ಠಾಣೆಯಾಯಿತು. ಅಕ್ಕಿ ಕಣಜ ಸುಟ್ಟರು, ಊರಿಗೆ ಊರೇ ಎತ್ತಿ ಸೇನಾ ಶಿಬಿರದ ಪಕ್ಕ ಕೂರಿಸಿದರು.

ಪೂರ್ವದ ಕರೆನ್ ಹಳ್ಳಿಗಳಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಊರ ಮುಖ್ಯಸ್ಥನ ಕೆಲಸ ಹಿಂದಿನಿಂದ ಗಂಡಸರದ್ದು. ನಮ್ಮಲ್ಲಿ ಹಿಂದೆ ಪಟೇಲಿಕೆ ಇತ್ತಲ್ಲ, ಆ ಥರದ ಸ್ಥಾನ. ಸೇನೆ ಬಂದಾಗ ಮೊದಲು ಹಿಡಿಯುತ್ತಿದ್ದದ್ದು ಈ ಮುಖ್ಯಸ್ಥನನ್ನೇ. ಬಂಡುಕೋರರು ಎಲ್ಲಿ ಎಂದು ಹೊಡೆಯುವುದು, ಕೊಲ್ಲುವುದು. ಹಾಗಾಗಿ ಆ ಕೆಲಸಕ್ಕೆ ಗಂಡಸರು ಹೆದರಿದರು. 1980ರ ದಶಕದಿಂದೀಚೆಗೆ ಹಲವು ಊರುಗಳಲ್ಲಿ ಹೆಂಗಸರನ್ನೇ ಮುಖ್ಯಸ್ಥೆ ಮಾಡಿದರು. ಹೆಂಗಸು, ಅದರಲ್ಲೂ ವಯಸ್ಸಾದವಳು, ಎದುರಿಗೆ ನಿಂತರೆ ಸೈನಿಕರು ಸ್ವಲ್ಪ ಮೆತ್ತಗಾಗಬಹುದು ಎಂಬ ಲೆಕ್ಕಾಚಾರ.

ಲೆಕ್ಕಾಚಾರ ಸುಳ್ಳಾಯಿತು. ಕರೆನ್ ಮಹಿಳಾ ಸಂಘಟನೆ 95 ಮಂದಿ ಇಂಥ ಮುಖ್ಯಸ್ಥೆಯರನ್ನು ಮಾತಾಡಿಸಿ 2010ರಲ್ಲಿ ವರದಿ ಪ್ರಕಟಿಸಿತು. ಹೊಡೆತ, ಬಂಧನ, ಅತ್ಯಾಚಾರ, ಎಲ್ಲವೂ ಅವರ ಪಾಲಿಗೂ ಬಂದಿತ್ತು. ಜೊತೆಗೆ ದಿನನಿತ್ಯದ ಕೆಲಸ ಬೇರೆ. ಶಿಬಿರದಿಂದ ಚೀಟಿ ಬರುತ್ತಿತ್ತು: ಇಷ್ಟು ಬಿದಿರು, ಇಷ್ಟು ಹೊದಿಕೆ ಹುಲ್ಲು, ಇಷ್ಟು ಕೋಳಿ, ಹೊರೆ ಹೊರಲು ಇಷ್ಟು ಜನ, ಇಂಥ ದಿನದೊಳಗೆ ಕಳಿಸು. ಕೆಲವು ಚೀಟಿಗಳ ಜೊತೆ ಒಂದು ಬಂದೂಕಿನ ಗುಂಡು ಇರುತ್ತಿತ್ತು, ಅಥವಾ ಒಂದು ಮೆಣಸಿನಕಾಯಿ, ಅಥವಾ ಒಂದು ತುಂಡು ಇದ್ದಿಲು. ಗುಂಡು ಅಂದರೆ ಸಾವು. ಇದ್ದಿಲು ಅಂದರೆ ಊರು ಸುಡುತ್ತೇವೆ. ಮೆಣಸಿನಕಾಯಿ ಅಂದರೆ ನಿಮಗೆ ಉರಿ ಕಾದಿದೆ. ಇಂಥ ಚೀಟಿಗಳನ್ನು ಕರೆನ್ ಮಾನವ ಹಕ್ಕು ಗುಂಪಿನವರು ವರ್ಷಗಟ್ಟಲೆ ಸಂಗ್ರಹಿಸಿ ಇಟ್ಟಿದ್ದಾರೆ. ಓದು ಬರಹ ಅಷ್ಟಾಗಿ ಇಲ್ಲದ, ಬರ್ಮಿ ಭಾಷೆ ಸರಿಯಾಗಿ ಬಾರದ ಒಬ್ಬ ಹೆಂಗಸು ಆ ಚೀಟಿ ಕೈಯಲ್ಲಿ ಹಿಡಿದು, ಯಾರ ಮನೆಯಿಂದ ಯಾರನ್ನು ಬಿಟ್ಟಿ ದುಡಿಮೆಗೆ ಕಳಿಸಬೇಕು ಎಂದು ತೀರ್ಮಾನಿಸಬೇಕು. ಕಳಿಸಿದರೆ ಊರವರ ಶಾಪ, ಕಳಿಸದಿದ್ದರೆ ಶಿಬಿರದಲ್ಲಿ ಅವಳಿಗೇ ಶಿಕ್ಷೆ. ಬರ್ಮಾದ ಈ ಬಿಟ್ಟಿ ಚಾಕರಿ ಎಷ್ಟರ ಮಟ್ಟಿಗೆ ಹಬ್ಬಿತ್ತೆಂದರೆ, 2000ದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾತು ಕೇಳದ ದೇಶದ ಮೇಲೆ ಕ್ರಮಕ್ಕೆ ಅವಕಾಶ ಕೊಡುವ ತನ್ನ ಸಂವಿಧಾನದ 33ನೇ ವಿಧಿಯನ್ನು ಮೊದಲ ಬಾರಿಗೆ ಬಳಸಿದ್ದೇ ಆ ದೇಶದ ಮೇಲೆ. ಗಂಡಸರು ಕಾಡಿಗೆ ಓಡಿದ ಮನೆಗಳಿಂದ ಹೊರೆ ಹೊರಲು ಹೆಂಗಸರೇ ಹೋಗಬೇಕಿತ್ತು, ಬಸುರಿಯರೂ ಸೇರಿ. ಹಗಲು ಹೊರೆ, ರಾತ್ರಿ ಸೈನಿಕರ ನಡುವೆ.

ಈಗ ನಿಮ್ಮ 'ಯುದ್ಧ ಅಂದ ಮೇಲೆ' ಎಂಬ ಮಾತಿಗೆ ಬರುತ್ತೇನೆ. 1996ರಿಂದ ಶಾನ್ ರಾಜ್ಯದ ನಡುಭಾಗದಲ್ಲಿ ಸೇನೆ 1,400ಕ್ಕೂ ಹೆಚ್ಚು ಹಳ್ಳಿಗಳ 3 ಲಕ್ಷಕ್ಕೂ ಹೆಚ್ಚು ಜನರನ್ನು ಬಲವಂತವಾಗಿ ಎಬ್ಬಿಸಿತು. ಸ್ಥಳಾಂತರಗೊಂಡವರಿಗೆ ಊಟಕ್ಕಿಲ್ಲ. ಸೊಪ್ಪು, ಗೆಡ್ಡೆ ತರಲು, ಬಿಟ್ಟು ಬಂದ ಗದ್ದೆಯ ಭತ್ತ ನೋಡಲು ಹೆಂಗಸರು ಕದ್ದು ಹಿಂದಕ್ಕೆ ಹೋಗುತ್ತಿದ್ದರು. ಅಲ್ಲೇ ಸಿಕ್ಕಿಬೀಳುತ್ತಿದ್ದರು. ಶಾನ್ ಮಾನವ ಹಕ್ಕು ಪ್ರತಿಷ್ಠಾನ ಮತ್ತು ಶಾನ್ ಮಹಿಳಾ ಕ್ರಿಯಾಜಾಲ ಸೇರಿ 2002ರಲ್ಲಿ ಹೊರತಂದ ವರದಿಯಲ್ಲಿ 1996ರಿಂದ 2001ರ ನಡುವಿನ 173 ಘಟನೆಗಳು, 625 ಹೆಂಗಸರು ಮತ್ತು ಹುಡುಗಿಯರ ವಿವರ ಇದೆ. ಅದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಅಂಕಿ ಇನ್ನೊಂದು: 83 ಶೇಕಡಾ ಘಟನೆಗಳಲ್ಲಿ ಅತ್ಯಾಚಾರ ಮಾಡಿದ್ದು ಅಧಿಕಾರಿಗಳು. ಎಷ್ಟೋ ಸಲ ತಮ್ಮ ಕೈಕೆಳಗಿನ ಸೈನಿಕರ ಕಣ್ಣೆದುರಿಗೇ. 61 ಶೇಕಡಾ ಸಾಮೂಹಿಕ ಅತ್ಯಾಚಾರ. ನಾಲ್ಕರಲ್ಲಿ ಒಂದು ಘಟನೆ ಸಾವಿನಲ್ಲಿ ಮುಗಿಯಿತು. ಮೇಲಧಿಕಾರಿಯಿಂದ ಶಿಕ್ಷೆ ಆದದ್ದು ಒಂದೇ ಒಂದು ಪ್ರಕರಣದಲ್ಲಿ.

ಯುದ್ಧದ ಗೊಂದಲದಲ್ಲಿ ಶಿಸ್ತು ತಪ್ಪಿದ ಸೈನಿಕ ಮಾಡಿದ್ದು ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಮಾಡಿದವನು ಶಿಸ್ತು ಕಾಪಾಡಬೇಕಾದ ಅಧಿಕಾರಿ. ನಡೆದ ಜಾಗಗಳಲ್ಲಿ ಶಿಬಿರವೂ ಇದೆ, ಆಗಲೇ ಸೇನೆಯ ಹಿಡಿತಕ್ಕೆ ಬಂದ ಊರೂ ಇದೆ. ಇದನ್ನು ಬಯಲಿಗೆ ತಂದವರಲ್ಲಿ ಚಾರ್ಮ್ ಟೋಂಗ್ ಎಂಬ ಶಾನ್ ಹುಡುಗಿಯೂ ಇದ್ದಳು, ಆಗ ಅವಳಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಸೇನಾಡಳಿತ ವರದಿಯನ್ನು ಸಾರಾಸಗಟಾಗಿ ಅಲ್ಲಗಳೆಯಿತು. ಗಡಿ ದಾಟಿ ಥಾಯ್ಲೆಂಡಿಗೆ ಹೋದ ಶಾನ್ ಹೆಂಗಸರ ಕಷ್ಟ ಅಲ್ಲಿಗೂ ಮುಗಿಯಲಿಲ್ಲ. ಕರೆನ್ ಜನರಿಗಾದರೂ ಶಿಬಿರಗಳಿದ್ದವು. ಶಾನ್ ಜನರನ್ನು ಥಾಯ್ಲೆಂಡ್ ನಿರಾಶ್ರಿತರೆಂದು ಒಪ್ಪಲೇ ಇಲ್ಲ. ಕಿತ್ತಳೆ ತೋಟಗಳಲ್ಲಿ, ಕಟ್ಟಡ ಕೆಲಸದಲ್ಲಿ, ಕಾಗದಪತ್ರ ಇಲ್ಲದ ಕೂಲಿಯಾಳಾಗಿ ಬದುಕಬೇಕಾಯಿತು.

ಕಾನೂನಿನ ಕಡೆ ನೋಡೋಣ. ಒಂದು ವಿಷಯ ನಿಮಗೆ ಆಶ್ಚರ್ಯ ಆಗಬಹುದು. ಬರ್ಮಾ 1937ರವರೆಗೆ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ. ಹಾಗಾಗಿ ಅಲ್ಲಿನ ದಂಡ ಸಂಹಿತೆ ನಮ್ಮ ಹಳೆಯ ಭಾರತೀಯ ದಂಡ ಸಂಹಿತೆಯೇ. 375, 376ನೇ ಸೆಕ್ಷನ್ ಅಲ್ಲೂ ಅವೇ ನಂಬರ್. ಅಂದರೆ ಅತ್ಯಾಚಾರ ಅಲ್ಲೂ ಅಪರಾಧವೇ. ಮಾಡಿದವನು ಸಮವಸ್ತ್ರ ಹಾಕಿದ್ದರೆ ಮಾತ್ರ ಆ ಸೆಕ್ಷನ್ ಅವನವರೆಗೆ ತಲುಪುವುದಿಲ್ಲ. 2008ರ ಸಂವಿಧಾನ ಇದನ್ನು ಬರೆದೇ ಇಟ್ಟಿದೆ. ನರ್ಗಿಸ್ ಚಂಡಮಾರುತ ಬಂದು ಒಂದು ವಾರವಷ್ಟೇ ಕಳೆದಿತ್ತು, ಹೆಣ ಹೂಳುವುದೂ ಮುಗಿದಿರಲಿಲ್ಲ, ಆಗ ಜನಮತಗಣನೆ ನಡೆಸಿ ಪಾಸು ಮಾಡಿಸಿಕೊಂಡ ಸಂವಿಧಾನ ಅದು. ಸೇನಾ ನ್ಯಾಯದ ವಿಷಯದಲ್ಲಿ ಮಹಾದಂಡನಾಯಕನ ಮಾತೇ ಕೊನೆ ಎನ್ನುತ್ತದೆ 343ನೇ ಸೆಕ್ಷನ್. ಹಿಂದಿನ ಸೇನಾ ಸರ್ಕಾರದವರು ಕರ್ತವ್ಯದಲ್ಲಿದ್ದಾಗ ಮಾಡಿದ ಯಾವುದಕ್ಕೂ ಮೊಕದ್ದಮೆ ಹೂಡುವಂತಿಲ್ಲ ಎನ್ನುತ್ತದೆ 445. ಸರ್ಕಾರಿ ನೇಮಕಾತಿಯಲ್ಲಿ ಲಿಂಗಭೇದ ಇಲ್ಲ ಎಂದು 352ನೇ ಸೆಕ್ಷನ್ ಹೇಳುತ್ತದೆ. ಆದರೆ ಗಂಡಸರಿಗೆ ಮಾತ್ರ ಹೊಂದುವ ಹುದ್ದೆಗಳಿಗೆ ಗಂಡಸರನ್ನೇ ಹಾಕಲು ಅಡ್ಡಿಯಿಲ್ಲ ಎಂಬ ಸಾಲೂ ಅದರಲ್ಲೇ ಇದೆ. ಸಂಸತ್ತಿನ ಕಾಲು ಭಾಗ, 166 ಸೀಟು, ಸೇನೆಯ ನೇಮಕ. 2014ರವರೆಗೆ ಆ ಸೀಟುಗಳಲ್ಲಿ ಒಬ್ಬ ಹೆಣ್ಣೂ ಇರಲಿಲ್ಲ.

ಅಪರೂಪಕ್ಕೆ ಶಿಕ್ಷೆ ಆಗಿಲ್ಲ ಎಂದಲ್ಲ. 2020ರಲ್ಲಿ ಪಶ್ಚಿಮ ಕರಾವಳಿಯ ರಖೈನ್ ಜನಾಂಗದ ಮಹಿಳೆಯೊಬ್ಬರು ಧೈರ್ಯ ಮಾಡಿ ದೂರು ಕೊಟ್ಟರು. ಸೇನೆ ಮೊದಲು ಸುಳ್ಳು ಎಂದಿತು. ಕೊನೆಗೆ ಮೂವರು ಸೈನಿಕರಿಗೆ ಸೇನಾ ನ್ಯಾಯಾಲಯ 20 ವರ್ಷ ಕಠಿಣ ಶಿಕ್ಷೆ ಕೊಟ್ಟಿತು. ಆದರೆ 2015ರ ಜನವರಿಯಲ್ಲಿ ಉತ್ತರ ಶಾನ್ ರಾಜ್ಯದ ಕೌಂಗ್ ಖಾ ಎಂಬ ಹಳ್ಳಿಯಲ್ಲಿ ಇಬ್ಬರು ಕಚಿನ್ ಶಿಕ್ಷಕಿಯರ ಅತ್ಯಾಚಾರ, ಕೊಲೆ ಆಯಿತು. ಸಂಬಳಕ್ಕಲ್ಲ, ಸೇವೆ ಅಂತ ಪಾಠ ಹೇಳಲು ಬಂದಿದ್ದ ಹುಡುಗಿಯರು. ಸೇನಾ ತುಕಡಿ ಅದೇ ಊರಲ್ಲಿ ತಂಗಿತ್ತು. ಅನುಮಾನ ಸೈನಿಕರ ಮೇಲೆ ಎಂದು ಬರೆಯುವವರ ಮೇಲೇ ಕಾನೂನು ಕ್ರಮ ಎಂದು ಸೇನೆ ಎಚ್ಚರಿಕೆ ಕೊಟ್ಟಿತು.

ರಖೈನ್ ರಾಜ್ಯದ ಮುಸ್ಲಿಮರಾದ ರೋಹಿಂಗ್ಯಾ ಹೆಂಗಸರ ವಿಷಯ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಉಳಿದ ಜನಾಂಗಗಳು ಸೇನೆಯ ಲೆಕ್ಕದಲ್ಲಿ ಬಂಡಾಯಗಾರರು, ಆದರೂ ದೇಶದವರು. 1982ರ ಪೌರತ್ವ ಕಾನೂನು ಮತ್ತು ಸರ್ಕಾರ ಒಪ್ಪಿದ 135 ಜನಾಂಗಗಳ ಪಟ್ಟಿ ರೋಹಿಂಗ್ಯಾಗಳನ್ನು ದೇಶದವರೇ ಅಲ್ಲ ಎಂದಿತು. ಉತ್ತರ ರಖೈನ್‌ನಲ್ಲಿ 1990ರ ದಶಕದಿಂದ ಅವರಿಗೆ ಮದುವೆಗೂ ಅನುಮತಿ ಬೇಕಾಯಿತು. ಅನುಮತಿ ಕೊಡುತ್ತಿದ್ದದ್ದು ಗಡಿ ಪಡೆ ನಸಾಕಾ. ಲಂಚ ಕೊಟ್ಟು ವರ್ಷಗಟ್ಟಲೆ ಕಾಯಬೇಕಿತ್ತು. ಅರ್ಜಿಯ ಫೋಟೋಗೆ ಹುಡುಗಿ ತಲೆಯ ಮೇಲಿನ ಬಟ್ಟೆ ತೆಗೆಯಬೇಕು, ಹುಡುಗ ಗಡ್ಡ ಬೋಳಿಸಬೇಕು. 2005ರಿಂದ ಎರಡೇ ಮಕ್ಕಳು ಎಂಬ ಮುಚ್ಚಳಿಕೆ. ಅನುಮತಿ ಇಲ್ಲದ ಮದುವೆಯ ಮಗು, ಮೂರನೆಯ ಮಗು, ಇವು ಸರ್ಕಾರದ ಕುಟುಂಬ ಪಟ್ಟಿಯಲ್ಲಿ ಸೇರುತ್ತಿರಲಿಲ್ಲ. ಸೇರದ ಮಗುವಿಗೆ ಮುಂದೆ ಶಾಲೆ, ಪ್ರಯಾಣ, ಮದುವೆ, ಯಾವುದೂ ಸಲೀಸಲ್ಲ. ಜೈಲಿನ ಭಯಕ್ಕೆ ಕದ್ದುಮುಚ್ಚಿ ಗರ್ಭ ತೆಗೆಸಿಕೊಂಡು ಸತ್ತವರಿದ್ದಾರೆ, ಯಾಕೆಂದರೆ ಗರ್ಭಪಾತವೂ ಅಲ್ಲಿ ಅಪರಾಧ.

ಮನೆ ತಪಾಸಣೆಗೆ ಬರುವವರಿಗೆ ಸರ್ಕಾರ ಕೊಟ್ಟಿದ್ದ ಸೂಚನೆಗಳು 2014ರಲ್ಲಿ ಬಯಲಾದವು. ಮಗು ಈ ತಾಯಿಯದೇ ಹೌದೋ ಅಲ್ಲವೋ ಎಂಬ ಅನುಮಾನ ಬಂದರೆ ಎದುರಿಗೇ ಹಾಲು ಕುಡಿಸಲು ಹೇಳಿ ನೋಡಿ ಎಂದು ಅದರಲ್ಲಿ ಬರೆದಿತ್ತು. ಯೋಚಿಸಿ. ಹೊಡೆತ ಇಲ್ಲ, ಗುಂಡು ಇಲ್ಲ, ಆ ದಿನ ಊರಲ್ಲಿ ಯುದ್ಧವೂ ಇಲ್ಲ. ಮನೆಯ ಪಟ್ಟಿ ಹಿಡಿದು ಬಂದ ಪರ ಗಂಡಸರ ಮುಂದೆ ಬಾಣಂತಿಯೊಬ್ಬಳು ರವಿಕೆ ಸರಿಸಬೇಕು. ಒಂದು ಆಡಳಿತ ಇದನ್ನು ನಿಯಮ ಅಂತ ಟೈಪ್ ಮಾಡಿ ಹಂಚಿದೆ. ನಿಮ್ಮ ತರಗತಿಯಲ್ಲಿ ಈ ವಾದ ಮತ್ತೆ ಎದ್ದರೆ ಅತ್ಯಾಚಾರದ ಅಂಕಿಗಳಿಗಿಂತ ಮೊದಲು ಈ ಸೂಚನೆಯನ್ನು ಮುಂದಿಡಿ ಎಂದು ನಾನು ಹೇಳುತ್ತೇನೆ. ಗಂಡಸಿಗೆ ಈ ತಪಾಸಣೆ ಇಲ್ಲ. ಬಮಾರ್ ಹೆಂಗಸಿಗೂ ಇಲ್ಲ.

2017ರ ಆಗಸ್ಟ್ 25ರ ನಂತರ ಸೇನೆ ರೋಹಿಂಗ್ಯಾ ಊರುಗಳ ಮೇಲೆ ನಡೆಸಿದ ದಾಳಿ ಜಗತ್ತಿಗೆ ಗೊತ್ತು. 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ತುಲಾ ತೋಲಿ ಎಂಬ ಊರಲ್ಲಿ ನದಿ ದಂಡೆಯ ಮೇಲೆ ಗಂಡಸರನ್ನು ಕೊಂದು, ಹೆಂಗಸರನ್ನು ಗುಂಪು ಗುಂಪಾಗಿ ಮನೆಗಳೊಳಗೆ ಎಳೆದೊಯ್ದು, ಆಮೇಲೆ ಮನೆಗೆ ಬೆಂಕಿ ಇಟ್ಟರು. ಉಳಿದು ಬಂದವರು ಸುಟ್ಟ ಮೈಯಲ್ಲೇ ಸಾಕ್ಷಿ ಹೇಳಿದರು. ಇಷ್ಟು ದೊಡ್ಡದಾಗಿ ಇದನ್ನು ಮಾಡಲು ಸಾಧ್ಯವಾದದ್ದು ಅದಕ್ಕೂ ಹಿಂದಿನ 25 ವರ್ಷ ಅವರ ಮದುವೆ, ಬಸಿರು, ಬಾಣಂತನಗಳನ್ನು ಅಪರಾಧ ಎಂದು ನೋಡಿದ್ದರಿಂದ ಎಂದು ನಾನು ನಂಬುತ್ತೇನೆ.

ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂ ಕಿ ಹೆಸರು ಎತ್ತದೆ ಮುಂದೆ ಹೋದರೆ ಮೋಸ ಆಗುತ್ತದೆ. 2011ರಲ್ಲಿ ಅವರೇ ಒಂದು ವಿಡಿಯೋ ಸಂದೇಶದಲ್ಲಿ, ನನ್ನ ದೇಶದ ಸೇನೆ ಜನಾಂಗಗಳನ್ನು ಹೆದರಿಸಲು ಅತ್ಯಾಚಾರವನ್ನು ಆಯುಧ ಮಾಡಿಕೊಂಡಿದೆ ಎಂದಿದ್ದರು. ಆರು ವರ್ಷ ಕಳೆಯುವುದರೊಳಗೆ, ಸರ್ಕಾರದ ನಾಯಕಿಯಾಗಿದ್ದ ಅವರದೇ ಕಚೇರಿ ರೋಹಿಂಗ್ಯಾ ಹೆಂಗಸರ ದೂರುಗಳನ್ನು 'ಸುಳ್ಳು ಅತ್ಯಾಚಾರ' ಎಂದು ದೊಡ್ಡ ಅಕ್ಷರದಲ್ಲಿ ಪ್ರಕಟಿಸಿತು. ಸೇನೆಯಿಂದ ವರ್ಷಗಟ್ಟಲೆ ಗೃಹಬಂಧನ ಅನುಭವಿಸಿದ ಹೆಣ್ಣುಮಗಳ ಕಚೇರಿ ಅದು. 'ಎಲ್ಲ ಹೆಂಗಸರ ಕಷ್ಟ ಒಂದೇ' ಎನ್ನುವುದು ಎಲ್ಲಿ ಮುರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ದಿನನಿತ್ಯದ ಸಣ್ಣ ತಾರತಮ್ಯಗಳೂ ಇವೆ, ಒಂದೆರಡು ಮಾತಲ್ಲಿ ಹೇಳಿಬಿಡುತ್ತೇನೆ. ಶಾಲೆ, ಕೋರ್ಟು, ಆಸ್ಪತ್ರೆ, ಎಲ್ಲ ಬರ್ಮಿ ಭಾಷೆಯಲ್ಲಿ. ಊರು ಬಿಟ್ಟು ಓಡಾಡುವ ಗಂಡಸು ಹೇಗೋ ನಾಲ್ಕು ಮಾತು ಕಲಿಯುತ್ತಾನೆ, ಮನೆಯಲ್ಲೇ ಉಳಿದ ಹೆಂಗಸು ಡಾಕ್ಟರ ಮುಂದೆ ಬಾಯಿಬಿಡಲಾರಳು. ಗಡಿ ದಾಟಿ ಓಡಿಬಂದವರಿಗಾಗಿ ಸಿಂಥಿಯಾ ಮೌಂಗ್ ಎಂಬ ಕರೆನ್ ವೈದ್ಯೆ 1989ರಲ್ಲಿ ಥಾಯ್ಲೆಂಡಿನ ಗಡಿ ಊರಾದ ಮೇ ಸೋಟ್‌ನಲ್ಲಿ ಒಂದು ಚಿಕಿತ್ಸಾಲಯ ತೆರೆದರು, 2002ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕಚಿನ್ ಕಡೆ 2011ರ ಜೂನ್‌ನಲ್ಲಿ ಕದನವಿರಾಮ ಮುರಿದ ಮೇಲೆ ಲಕ್ಷಕ್ಕೂ ಹೆಚ್ಚು ಜನ ಶಿಬಿರ ಸೇರಿದರು. ಅಲ್ಲಿಂದ ಕೆಲಸ ಕೊಡಿಸುತ್ತೇವೆ ಎಂದು ಹುಡುಗಿಯರನ್ನು ಚೀನಾಕ್ಕೆ ಕರೆದೊಯ್ದು, ಹೆಣ್ಣು ಸಿಗದ ಮನೆಗಳಿಗೆ ಮಾರುವ ದಂಧೆ ಬೆಳೆಯಿತು.

ಇನ್ನೊಂದು ಮಾತು ಮುಚ್ಚಿಡಬಾರದು. ಈ ಜನಾಂಗಗಳ ಒಳಗೂ ಹೆಣ್ಣಿಗೆ ಸಮಪಾಲು ಇಲ್ಲ. ಚಿನ್ ಜನರ ರೂಢಿ ಕಾನೂನಿನಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿ ಬರುವುದಿಲ್ಲ. ಎಷ್ಟೋ ಕಡೆ ಅತ್ಯಾಚಾರವನ್ನು ಊರ ಹಿರಿಯರು ದಂಡ ಹಾಕಿ ಮುಗಿಸುತ್ತಾರೆ. ಕರೆನ್ ಬಂಡಾಯ ನಡೆಸುವ ಕರೆನ್ ರಾಷ್ಟ್ರೀಯ ಒಕ್ಕೂಟಕ್ಕೆ ಮೊದಲ ಮಹಿಳಾ ಪ್ರಧಾನ ಕಾರ್ಯದರ್ಶಿಯಾಗಿ ಝಿಪೋರಾ ಸೀನ್ ಬಂದದ್ದು 2008ರಲ್ಲಿ, ಸಂಘಟನೆ ಹುಟ್ಟಿ ಆರು ದಶಕ ಕಳೆದ ಮೇಲೆ. ಹೊರಗಿನ ಬಂದೂಕಿಗೆ ಹೆದರಿದ ಸಮಾಜ ಒಳಗಿನ ಹೆಣ್ಣಿನ ಬಾಯಿಯನ್ನೂ ಮುಚ್ಚಿಸುತ್ತದೆ. 'ಈಗ ಹೋರಾಟ ಮುಖ್ಯ, ನಿಮ್ಮದು ಆಮೇಲೆ ನೋಡೋಣ' ಎನ್ನುತ್ತದೆ. ಅದಕ್ಕೇ 1999ರ ಡಿಸೆಂಬರ್‌ನಲ್ಲಿ ಬೇರೆ ಬೇರೆ ಜನಾಂಗಗಳ ಮಹಿಳಾ ಸಂಘಟನೆಗಳು ಸೇರಿ ಬರ್ಮಾ ಮಹಿಳಾ ಒಕ್ಕೂಟ ಕಟ್ಟಿಕೊಂಡವು.

2021ರ ದಂಗೆಯ ನಂತರ ಒಂದು ಬದಲಾವಣೆ ಆಗಿದೆ. ಸೇನೆಯ ಕೈ ತಮ್ಮ ಮನೆಗೂ ಬಂದಾಗ ಬಮಾರ್ ಯುವಜನರಲ್ಲಿ ಹಲವರು ರೋಹಿಂಗ್ಯಾಗಳ ಕ್ಷಮೆ ಕೇಳಿದರು, ಹಿಂದೆ ನಿಮ್ಮ ಮಾತು ನಂಬಲಿಲ್ಲ ಎಂದು ಬಹಿರಂಗವಾಗಿ ಬರೆದರು. ಆ ಮಾರ್ಚ್‌ನಲ್ಲಿ ನಗರಗಳ ಹೆಂಗಸರು ತಾವು ಉಡುವ ಲುಂಗಿಗಳನ್ನು ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ನೇತುಹಾಕಿದರು. ಹೆಣ್ಣಿನ ಲುಂಗಿಯ ಕೆಳಗೆ ಹಾದರೆ ಗಂಡಸುತನ ಕುಂದುತ್ತದೆ ಎಂಬ ನಂಬಿಕೆಯಿಂದ ಸೈನಿಕರು ಅಲ್ಲೇ ನಿಂತು ಅವನ್ನು ಬಿಚ್ಚಬೇಕಾಯಿತು. ಆದರೆ ಅದೇ ವರ್ಷ ಗಡಿಯ ಕರೆನ್ನಿ, ಚಿನ್, ಕರೆನ್ ಹಳ್ಳಿಗಳ ಮೇಲೆ ವಿಮಾನದಿಂದ ಬಾಂಬು ಬೀಳುತ್ತಿತ್ತು. ಸಾವಿರಾರು ಚಿನ್ ಕುಟುಂಬಗಳು ನಮ್ಮ ಮಿಜೋರಾಂಗೆ ಬಂದವು. 2024ರಲ್ಲಿ ಸೇನೆ ಕಡ್ಡಾಯ ಸೇವೆ ಜಾರಿ ಮಾಡಿ, ಪೌರತ್ವ ಕೊಡದ ರೋಹಿಂಗ್ಯಾ ಗಂಡಸರನ್ನೂ ಎಳೆದೊಯ್ದಿತು, ಹೆಂಗಸರು ಮತ್ತೆ ಒಂಟಿಯಾದರು. ಈಗ ರಖೈನ್‌ನ ಹೆಚ್ಚಿನ ಭಾಗ ಹಿಡಿದಿರುವ, ರಖೈನ್ ಬಂಡುಕೋರರ ಪಡೆಯಾದ ಅರಾಕಾನ್ ಸೈನ್ಯದ ಮೇಲೂ ರೋಹಿಂಗ್ಯಾಗಳ ಹತ್ಯೆಯ ಗಂಭೀರ ಆರೋಪಗಳಿವೆ, ಅದು ಅಲ್ಲಗಳೆಯುತ್ತದೆ. ಬಂದೂಕು ಕೈ ಬದಲಾಯಿಸಿದ ಮಾತ್ರಕ್ಕೆ ಈ ಹೆಂಗಸರಿಗೆ ನೆಮ್ಮದಿ ಇಲ್ಲ.

ಕೊನೆಯದಾಗಿ ನ್ಯಾಯದ ಪ್ರಶ್ನೆ. ದೇಶದ ಒಳಗೆ ಸದ್ಯಕ್ಕೆ ದಾರಿ ಇಲ್ಲ, ಸುಮ್ನೆ ಸಮಾಧಾನದ ಮಾತು ಹೇಳಲಾರೆ. ಹೊರಗೆ ಮೂರು ಕಡೆ ಕೇಸುಗಳಿವೆ. 2019ರ ನವೆಂಬರ್‌ನಲ್ಲಿ ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾ, ಮ್ಯಾನ್ಮಾರ್ ವಿರುದ್ಧ ನರಮೇಧದ ದಾವೆಯನ್ನು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದಿತು. 2020ರ ಜನವರಿಯಲ್ಲಿ ಆ ನ್ಯಾಯಾಲಯ ರೋಹಿಂಗ್ಯಾಗಳನ್ನು ರಕ್ಷಿಸಲು ಮಧ್ಯಂತರ ಆದೇಶ ಕೊಟ್ಟಿತು. ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ 2024ರ ನವೆಂಬರ್‌ನಲ್ಲಿ ಪ್ರಾಸಿಕ್ಯೂಟರ್ ಆಗ ಸೇನಾ ಮುಖ್ಯಸ್ಥನಾಗಿದ್ದ ಮಿನ್ ಆಂಗ್ ಹ್ಲೈಂಗ್ ಬಂಧನಕ್ಕೆ ವಾರಂಟ್ ಕೇಳಿದರು. ಮೂರನೆಯದು ಅರ್ಜೆಂಟೀನಾ. ಎಲ್ಲಿ ನಡೆದಿದ್ದರೂ ನರಮೇಧವನ್ನು ವಿಚಾರಿಸಬಹುದು ಎಂಬ ತತ್ವದ ಮೇಲೆ ಅಲ್ಲಿನ ಕೋರ್ಟು ಕೇಸು ತೆಗೆದುಕೊಂಡಿತು. 2023ರಲ್ಲಿ ಬ್ಯೂನಸ್ ಐರಿಸ್‌ಗೆ ರೋಹಿಂಗ್ಯಾ ಹೆಂಗಸರು ಸೇರಿದಂತೆ ಬದುಕುಳಿದವರು ಹೋಗಿ ನ್ಯಾಯಾಧೀಶರ ಮುಂದೆ ಸಾಕ್ಷಿ ಹೇಳಿದರು. 2025ರ ಫೆಬ್ರವರಿಯಲ್ಲಿ ಮಿನ್ ಆಂಗ್ ಹ್ಲೈಂಗ್ ಮೇಲೆ ವಾರಂಟ್ ಹೊರಟಿತು. ಸೂ ಕಿ ಹೆಸರೂ ಅದರಲ್ಲಿತ್ತು.

ವಾರಂಟ್ ಬಂದ ಮಾತ್ರಕ್ಕೆ ಯಾರೂ ಅವನನ್ನು ಹಿಡಿದು ತರುವುದಿಲ್ಲ, ನಿಜ. ಆದರೆ ಈ ಕೇಸುಗಳಿಗೂ ಮುಂಚೆ ನಡೆದ ಕೆಲಸ ನೋಡಿ. ಶಾನ್, ಕರೆನ್, ಕಚಿನ್, ರೋಹಿಂಗ್ಯಾ ಹೆಂಗಸರು ಎರಡು ದಶಕಕ್ಕೂ ಹೆಚ್ಚು ಕಾಲ ಗಡಿಯ ಗುಡಿಸಲುಗಳಲ್ಲಿ ಕೂತು, ಒಬ್ಬರ ಬಾಯಿಂದ ಇನ್ನೊಬ್ಬರು ಕೇಳಿ, ದಿನಾಂಕ, ಊರು, ತುಕಡಿಯ ನಂಬರ್ ಸಮೇತ ಬರೆದಿಟ್ಟು ಸಾಕ್ಷ್ಯಕ್ಕೆ ದಾರಿ ಹಾಕಿದರು. ತುಕಡಿಯ ನಂಬರ್ ಬರೆದಿದ್ದರಿಂದಲೇ ಯಾವ ಅಧಿಕಾರಿ ಆಗ ಅಲ್ಲಿದ್ದ ಎಂದು ಈಗಲೂ ಹುಡುಕಬಹುದು. ಸೆಮಿನಾರ್ ಪ್ರಬಂಧ ಬರೆಯುವಾಗ ವಿಶ್ವಸಂಸ್ಥೆಯ ವರದಿಗಳಿಗೆ ನಿಲ್ಲಿಸಬೇಡಿ, ಈ ಮಹಿಳಾ ಸಂಘಟನೆಗಳು ತಾವೇ ಬರೆದದ್ದನ್ನು ಮೊದಲು ಓದಿ. ಇನ್ನೊಂದು, ಬೆಂಗಳೂರಿನ ಹೊರವಲಯದಲ್ಲೂ ಚಿಂದಿ ಆಯ್ದು ಬದುಕುವ ರೋಹಿಂಗ್ಯಾ ಕುಟುಂಬಗಳಿವೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಹಾಗಾಗಿ ಅವರ ಕೈಯಲ್ಲಿರುವ ವಿಶ್ವಸಂಸ್ಥೆಯ ಕಾರ್ಡಿಗೆ ಇಲ್ಲಿ ಕಾನೂನಿನ ಬಲ ಕಡಿಮೆ. ಸಂದರ್ಶನ ಮಾಡಲು ಹೊರಟರೆ ಅವರ ಹೆಸರು, ಫೋಟೋ, ಜಾಗ ಯಾವುದನ್ನೂ ಪ್ರಬಂಧದಲ್ಲಿ ಹಾಕಬೇಡಿ.